ಸ್ಟಿರಾಯ್ಡ್ ತಗೊಳ್ಳುವವರ ರಕ್ತದಲ್ಲಿ ಪ್ರೋಟೀನ್ ಕಡಿಮೆ ಬಂದರೆ: ರಿಪೋರ್ಟ್ ಓದುವ ಬಗೆ

ಎಲ್‌ಎಫ್‌ಟಿ, ಅಂದರೆ ಲಿವರಿನ ರಕ್ತಪರೀಕ್ಷೆಯ ರಿಪೋರ್ಟಿನಲ್ಲಿ ಟೋಟಲ್ ಪ್ರೋಟೀನ್ 5.2 ಅಂತ ಕಡಿಮೆ ಬಂತು ಅನ್ನಿ. ಹುಬ್ಬಳ್ಳಿಯ ಜಿಮ್ಮಿನಲ್ಲಾಗಲಿ, ಗದಗ-ಹಾವೇರಿ ಕಡೆಯ ಗರಡಿಮನೆಯಲ್ಲಾಗಲಿ ಸಿಗುವ ಸಲಹೆ ಒಂದೇ: ತಿನ್ನೋದು ಸಾಲುತ್ತಿಲ್ಲ, ತತ್ತಿ ಹೆಚ್ಚು ಮಾಡು, ಪೌಡರ್ ಎರಡು ಸ್ಕೂಪ್ ಜಾಸ್ತಿ ಹಾಕು. ಸ್ನಾಯು ಬೆಳೆಸುವ ಅನಬಾಲಿಕ್ ಸ್ಟಿರಾಯ್ಡ್ ಸೂಜಿ ಮಾಡಿಸಿಕೊಳ್ಳುವವರಿಗೆ, ಗುಳಿಗೆ ನುಂಗುವವರಿಗೆ ಈ ಸಲಹೆ ಬಹುಪಾಲು ಸಲ ತಪ್ಪು. ಕೆಲವರಿಗಂತೂ ಕೇಡು ಮಾಡುತ್ತದೆ. ದಿನಕ್ಕೆ ಆರು ತತ್ತಿ, ಎರಡು ಲೋಟ ಹಾಲು, ಎರಡು ಸ್ಕೂಪ್ ಪೌಡರ್, ಒಂದಿಷ್ಟು ಕೋಳಿ ತಿನ್ನುವವರ ಹೊಟ್ಟೆಗೆ 130-140 ಗ್ರಾಂ ಪ್ರೋಟೀನ್ ಹೋಗಿರುತ್ತದೆ. ಅವರ ರಕ್ತದಲ್ಲಿ ಪ್ರೋಟೀನ್ ಇಳಿದಿದ್ದರೆ ಕಾರಣ ತಾಟಿನಲ್ಲಿಲ್ಲ. ಅದನ್ನು ಮೊದಲು ಮೂತ್ರದಲ್ಲಿ, ಆಮೇಲೆ ಲಿವರಿನಲ್ಲಿ, ಸೂಜಿ ಚುಚ್ಚಿದ ಜಾಗದಲ್ಲಿ ಹುಡುಕಬೇಕು.

ಇನ್ನೊಂದು ಮಾತೂ ಓಡಾಡುತ್ತದೆ, ಸ್ಟಿರಾಯ್ಡ್ ಹಾಕಿದಾಗ ಸ್ನಾಯು ರಕ್ತದಲ್ಲಿನ ಪ್ರೋಟೀನನ್ನೆಲ್ಲ ಎಳೆದುಕೊಳ್ಳುತ್ತದೆ, ಹಾಗಾಗಿ ರಿಪೋರ್ಟಿನಲ್ಲಿ ಕಡಿಮೆ ಕಾಣುತ್ತದೆ ಅಂತ. ಸ್ನಾಯು ಎಳೆದುಕೊಳ್ಳುವುದು ಅಮೈನೋ ಆಮ್ಲಗಳನ್ನು. ರಿಪೋರ್ಟಿನಲ್ಲಿ ಅಳೆಯುವುದು ಅಲ್ಬುಮಿನ್, ಗ್ಲಾಬ್ಯುಲಿನ್ ಎಂಬ ಸಿದ್ಧ ಪ್ರೋಟೀನುಗಳನ್ನು. ಅಲ್ಬುಮಿನ್ ತಯಾರಾಗುವುದು ಲಿವರಿನಲ್ಲಿ, ದಿನಕ್ಕೆ ಸುಮಾರು 10ರಿಂದ 15 ಗ್ರಾಂ. ಬೈಸೆಪ್ಸ್ ಬೆಳೆದದ್ದರಿಂದ ಅದು ಇಳಿಯುವುದಿಲ್ಲ.

ಮೊದಲು ನಾಲ್ಕು ಅಂಕಿ

ಬರೀ ಟೋಟಲ್ ಪ್ರೋಟೀನ್ ನೋಡಿ ಏನೂ ತೀರ್ಮಾನಿಸಬೇಡಿ. ನಾಲ್ಕನ್ನೂ ಒಟ್ಟಿಗೆ ನೋಡಿ. ಟೋಟಲ್ ಪ್ರೋಟೀನ್ ಸಾಮಾನ್ಯವಾಗಿ ಡೆಸಿಲೀಟರಿಗೆ 6.0ರಿಂದ 8.3 ಗ್ರಾಂ, ಅಲ್ಬುಮಿನ್ 3.5ರಿಂದ 5.0, ಗ್ಲಾಬ್ಯುಲಿನ್ 2.0ರಿಂದ 3.5. ನಾಲ್ಕನೆಯದು ಇವೆರಡರ ಅನುಪಾತ, ಎ/ಜಿ ರೇಷಿಯೋ. ಅದು 1ಕ್ಕಿಂತ ಮೇಲಿರಬೇಕು. ಲ್ಯಾಬಿನಿಂದ ಲ್ಯಾಬಿಗೆ ಮಿತಿಗಳು ತುಸು ಬದಲಾಗುತ್ತವೆ, ನಿಮ್ಮ ರಿಪೋರ್ಟಿನಲ್ಲಿ ಅಚ್ಚಾದ ಮಿತಿಯನ್ನೇ ಹಿಡಿಯಿರಿ. ಗ್ಲಾಬ್ಯುಲಿನನ್ನು ಲ್ಯಾಬಿನವರು ಬೇರೆಯಾಗಿ ಅಳೆಯುವುದಿಲ್ಲ, ಟೋಟಲ್‌ನಿಂದ ಅಲ್ಬುಮಿನ್ ಕಳೆದು ಬರೆಯುತ್ತಾರೆ. ಹಾಗಾಗಿ ಅಲ್ಬುಮಿನ್ ಅಳತೆ ತಪ್ಪಿದರೆ ಗ್ಲಾಬ್ಯುಲಿನ್ ಕೂಡ ತಪ್ಪುತ್ತದೆ.

ಮೂರು ರಿಪೋರ್ಟ್ ಎದುರಿಗಿಟ್ಟು ನೋಡೋಣ. ಒಂದರಲ್ಲಿ ಟೋಟಲ್ 5.2, ಅಲ್ಬುಮಿನ್ 2.6, ಗ್ಲಾಬ್ಯುಲಿನ್ 2.6. ಇಲ್ಲಿ ಇಳಿದದ್ದು ಅಲ್ಬುಮಿನ್ ಮಾತ್ರ, ಮೊದಲ ಅನುಮಾನ ಕಿಡ್ನಿಯ ಮೇಲೆ, ಅದು ಮೂತ್ರದಲ್ಲಿ ಸೋರುತ್ತಿರಬಹುದು. ಎರಡನೆಯದರಲ್ಲಿ ಟೋಟಲ್ 5.8, ಅಲ್ಬುಮಿನ್ 4.1, ಗ್ಲಾಬ್ಯುಲಿನ್ 1.7. ಲಿವರ್, ಕಿಡ್ನಿಗಳ ಮೇಲಿನ ಅನುಮಾನ ಇಲ್ಲಿ ಕಡಿಮೆ, ಗ್ಲಾಬ್ಯುಲಿನ್ ಗುಂಪಿನ ರೋಗನಿರೋಧಕ ಪ್ರೋಟೀನುಗಳು ಇಳಿದಿವೆ. ಮೂರನೆಯದರಲ್ಲಿ ಟೋಟಲ್ 6.6, ಅಲ್ಬುಮಿನ್ 2.8, ಗ್ಲಾಬ್ಯುಲಿನ್ 3.8. ಟೋಟಲ್ ಮಿತಿಯೊಳಗೇ ಇದೆ, ಬಾಣದ ಗುರುತೂ ಇರುವುದಿಲ್ಲ. ಆದರೆ ಅಲ್ಬುಮಿನ್ ಕುಸಿದಿದೆ, ಗ್ಲಾಬ್ಯುಲಿನ್ ಏರಿ ಅದನ್ನು ಮರೆಮಾಡಿದೆ. ಕಣ್ಣು ತಪ್ಪಿಸಿಕೊಂಡು ಹೋಗುವ ರಿಪೋರ್ಟ್ ಇದೇ. ಮೈಯೊಳಗೆ ಸೋಂಕು ಅಥವಾ ಹಳೆಯ ಲಿವರ್ ಕಾಯಿಲೆ ಇದ್ದಾಗ ಹೀಗೆ ಬರುತ್ತದೆ.

ರಕ್ತ ಕೊಟ್ಟ ರೀತಿ ಸರಿ ಇತ್ತೇ?

ಟೋಟಲ್ 5.9, ಅಲ್ಬುಮಿನ್ 3.4ರಂಥ ಅಲ್ಪ ಇಳಿಕೆಗೆ ಗಾಬರಿಯಾಗುವ ಮೊದಲು ಸ್ಯಾಂಪಲ್ ಹೇಗೆ ತೆಗೆದರು ನೆನಪಿಸಿಕೊಳ್ಳಿ. ಮಲಗಿದವರ ರಕ್ತ ನಿಂತವರ ರಕ್ತಕ್ಕಿಂತ ತೆಳು, ಬರೀ ಇದರಿಂದಲೇ ಅಲ್ಬುಮಿನ್ ನೂರಕ್ಕೆ ಹತ್ತರಷ್ಟು ಅತ್ತಿತ್ತ ಆಗಬಲ್ಲದು. ಸಲಾಯಿನ್ ಹಚ್ಚಿದ ಕೈಯಿಂದಲೇ ರಕ್ತ ತೆಗೆದರೆ ಎಲ್ಲವೂ ನೀರಾಗಿ ಬರುತ್ತದೆ. ಕೈಗೆ ಪಟ್ಟಿ ಬಿಗಿದು ಬಹಳ ಹೊತ್ತು ಬಿಟ್ಟರೆ ಉಲ್ಟಾ, ಪ್ರೋಟೀನ್ ಹೆಚ್ಚಾಗಿ ಕಾಣುತ್ತದೆ.

ಸ್ಟಿರಾಯ್ಡಿಗೆ ಉಪ್ಪು-ನೀರು ಹಿಡಿದಿಟ್ಟುಕೊಳ್ಳುವ ಗುಣವಿದೆ. ಕೋರ್ಸ್ ಶುರುವಾದ ಮೊದಲ ವಾರಗಳಲ್ಲಿ ತೂಕ ಸರ್ರನೆ ಏರುವುದಕ್ಕೆ ಇದೂ ಒಂದು ಕಾರಣ, ಇದರಿಂದ ರಕ್ತ ತುಸು ತೆಳುವಾಗಬಹುದು. ಆಗ ಅಲ್ಬುಮಿನ್, ಗ್ಲಾಬ್ಯುಲಿನ್ ಎರಡೂ ಒಂದೇ ಪ್ರಮಾಣದಲ್ಲಿ ಇಳಿಯುತ್ತವೆ, ಅನುಪಾತ ಕೆಡುವುದಿಲ್ಲ. ಆದರೆ ಅಲ್ಬುಮಿನ್ 3ಕ್ಕಿಂತ ಕೆಳಗಿದ್ದರೆ ಅದನ್ನು ನೀರಿನ ಲೆಕ್ಕಕ್ಕೆ ಹಾಕಬೇಡಿ. ಅಷ್ಟು ಇಳಿಸುವಷ್ಟು ನೀರು ಸ್ಟಿರಾಯ್ಡ್ ಒಂದರಿಂದಲೇ ನಿಲ್ಲುವುದಿಲ್ಲ.

ಅಲ್ಪ ಇಳಿಕೆ ಇದ್ದವರು ಎರಡು ದಿನ ಭಾರ ಎತ್ತದೆ, ಕುಸ್ತಿ ಆಡದೆ ಇದ್ದು, ಬೆಳಿಗ್ಗೆ ಹದಿನೈದು ನಿಮಿಷ ಕುಳಿತು, ಅದೇ ಲ್ಯಾಬಿನಲ್ಲಿ ಮತ್ತೆ ರಕ್ತ ಕೊಡಿ. ಅದೇ ಲ್ಯಾಬ್ ಯಾಕೆಂದರೆ ಅಲ್ಬುಮಿನ್ ಅಳೆಯಲು ಬಿಸಿಜಿ, ಬಿಸಿಪಿ ಎಂಬ ಬಣ್ಣಗಳನ್ನು ಬಳಸುವ ಎರಡು ವಿಧಾನಗಳಿವೆ. ಬಿಸಿಜಿಯಲ್ಲಿ ಅಂಕಿ ಸ್ವಲ್ಪ ಹೆಚ್ಚೇ ಬರುತ್ತದೆ. ಹಾವೇರಿಯಲ್ಲಿ ಒಮ್ಮೆ, ಹುಬ್ಬಳ್ಳಿಯಲ್ಲಿ ಒಮ್ಮೆ ಮಾಡಿಸಿ ಹೋಲಿಸಿದರೆ ಇಲ್ಲದ ಏರಿಳಿತ ಕಾಣಬಹುದು.

ವೇಗವನ್ನೂ ಗಮನಿಸಿ. ರಕ್ತದಲ್ಲಿರುವ ಅಲ್ಬುಮಿನ್ ಅರ್ಧಕ್ಕೆ ಇಳಿಯಲು ಸುಮಾರು 20 ದಿನ ಬೇಕು. ಲಿವರ್ ಇವತ್ತೇ ಕೆಲಸ ನಿಲ್ಲಿಸಿದರೂ ಒಂದು ವಾರದಲ್ಲಿ 4.2 ಇದ್ದದ್ದು 3.3ರ ಹತ್ತಿರ ಬಂದೀತು, ಅಷ್ಟೇ. ಒಂದೇ ವಾರದಲ್ಲಿ 2.8ಕ್ಕೆ ಬಂದಿದ್ದರೆ ಅದು ಸೋರಿಕೆ, ಸೋಂಕು ಅಥವಾ ಸಲಾಯಿನ್‌ನ ಕೆಲಸ.

ಮೂತ್ರ: ಎಲ್ಲಕ್ಕಿಂತ ಮೊದಲು ಮಾಡಿಸುವ ಪರೀಕ್ಷೆ

ಒಂದು ಡಬ್ಬಿ ಪೌಡರಿಗೆ ಕೊಡುವ ದುಡ್ಡಿನ ಚೂರು ಪಾಲಿನಲ್ಲಿ ಮುಗಿಯುವ ಪರೀಕ್ಷೆ ಇದು, ಆದರೂ ಇದನ್ನೇ ಎಲ್ಲರೂ ಬಿಡುತ್ತಾರೆ. ದೀರ್ಘಕಾಲ ಸ್ಟಿರಾಯ್ಡ್ ಬಳಸಿದವರ ಕಿಡ್ನಿಯ ಸೋಸುವ ಗಂಟುಗಳು ಅಲ್ಲಲ್ಲಿ ಗಾಯವಾಗಿ ಗಟ್ಟಿಯಾಗುವುದುಂಟು. ವೈದ್ಯರು ಇದಕ್ಕೆ ಎಫ್‌ಎಸ್‌ಜಿಎಸ್ ಅನ್ನುತ್ತಾರೆ. 2010ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ತಜ್ಞರು ಸ್ಟಿರಾಯ್ಡ್ ಬಳಸಿದ್ದ 10 ಬಾಡಿಬಿಲ್ಡರುಗಳ ಕಿಡ್ನಿ ಬಯಾಪ್ಸಿ (ಕಿಡ್ನಿಯ ಚೂರು ತೆಗೆದು ನೋಡುವ ಪರೀಕ್ಷೆ) ವರದಿ ಪ್ರಕಟಿಸಿದರು. 9 ಜನರಲ್ಲಿ ಇದೇ ಗಾಯವಿತ್ತು. ಮೂತ್ರದಲ್ಲಿ ಸೋರುತ್ತಿದ್ದ ಪ್ರೋಟೀನ್ ಸರಾಸರಿ ದಿನಕ್ಕೆ 10 ಗ್ರಾಂ. ಇದ್ದದ್ದು ಹತ್ತೇ ಜನ, ಹಾಗಾಗಿ ಸ್ಟಿರಾಯ್ಡ್ ತಗೊಂಡ ಎಲ್ಲರಿಗೂ ಹೀಗಾಗುತ್ತದೆ ಅಂತ ಇದರಿಂದ ಹೇಳಲಾಗದು. ಆದರೆ ಔಷಧ ನಿಲ್ಲಿಸಿ ಹಿಂಬಾಲಿಸಿದ ಏಳು ಜನರಲ್ಲಿ ಸೋರಿಕೆ ತಗ್ಗಿತು, ಅವರಲ್ಲಿ ಒಬ್ಬ ಮತ್ತೆ ಶುರು ಮಾಡಿದಾಗ ರೋಗವೂ ಮರಳಿತು. ಈ ಏಳರ ಹೊರಗಿನ ಇನ್ನೊಬ್ಬನ ಕಿಡ್ನಿ ಪೂರ್ತಿ ನಿಂತುಹೋಯಿತು. ದೊಡ್ಡ ದೇಹದ ಹೊರೆ, ಅತಿಯಾದ ಪ್ರೋಟೀನ್ ಊಟ, ಬಿಪಿ ಎಲ್ಲ ಸೇರಿ ಸೋಸುವ ಗಂಟುಗಳ ಮೇಲೆ ಒತ್ತಡ ಬೀಳುತ್ತದೆ. ಅದರ ಮೇಲೆ ಸ್ಟಿರಾಯ್ಡಿನ ನೇರ ಏಟು ಎಂಬುದು ಅವರ ವಿವರಣೆ.

ಅದೇ ವರದಿಯಲ್ಲಿ ಇನ್ನೊಂದು ಸಂಗತಿಯಿದೆ. ಅಷ್ಟು ಸೋರುತ್ತಿದ್ದರೂ ಪೂರ್ಣ ನೆಫ್ರಾಟಿಕ್ ಸಿಂಡ್ರೋಮ್, ಅಂದರೆ ಭಾರೀ ಸೋರಿಕೆ, ಕುಸಿದ ಅಲ್ಬುಮಿನ್, ಮೈ ಬಾವು ಮೂರೂ ಕೂಡಿ ಬಂದದ್ದು 3 ಜನರಲ್ಲಿ ಮಾತ್ರ. ಅಲ್ಬುಮಿನ್ ಸರಿ ಇದೆ ಅಂದರೆ ಕಿಡ್ನಿ ಸರಿ ಇದೆ ಅಂತಲ್ಲ. ಅಲ್ಬುಮಿನ್ ಇಳಿದಿದೆ ಅಂದರೆ ಮಾತ್ರ ತಡ ಮಾಡುವ ಹಾಗಿಲ್ಲ.

ಮೂತ್ರ ಕೊಡುವ ಕ್ರಮ ಹೀಗೆ. ಬಿರುಸಿನ ಕಸರತ್ತು ಆದ ಮೇಲೆ ಒಂದೆರಡು ದಿನ ಆರೋಗ್ಯವಂತರ ಮೂತ್ರದಲ್ಲೂ ಪ್ರೋಟೀನ್ ಕಾಣುತ್ತದೆ, ಜ್ವರ ಇದ್ದಾಗಲೂ ಅಷ್ಟೇ. ಆದ್ದರಿಂದ 48 ಗಂಟೆ ವಿಶ್ರಾಂತಿ ಕೊಟ್ಟು, ಬೆಳಿಗ್ಗೆ ಎದ್ದ ಕೂಡಲೇ ಬರುವ ಮೊದಲ ಮೂತ್ರದ ನಡುಭಾಗವನ್ನು ಲ್ಯಾಬಿನ ಡಬ್ಬಿಯಲ್ಲಿ ಹಿಡಿಯಿರಿ. ದಿನಕ್ಕೆ ಐದಾರು ಲೀಟರ್ ನೀರು ಕುಡಿಯುವ ರೂಢಿ ಇದ್ದವರ ಹಗಲಿನ ಮೂತ್ರ ಎಷ್ಟು ತೆಳು ಎಂದರೆ ಮೂತ್ರದಲ್ಲಿ ಅದ್ದಿ ನೋಡುವ ಪಟ್ಟಿ ಪರೀಕ್ಷೆಯಲ್ಲಿ ಸೋರಿಕೆ ಕಾಣದೇ ಹೋಗಬಹುದು. ರಿಪೋರ್ಟಿನಲ್ಲಿ ಸ್ಪೆಸಿಫಿಕ್ ಗ್ರಾವಿಟಿ (ಮೂತ್ರ ಎಷ್ಟು ಗಟ್ಟಿ ಎಂಬ ಅಳತೆ) 1.005ಕ್ಕಿಂತ ಕಡಿಮೆ ಇದ್ದರೆ 'ಪ್ರೋಟೀನ್ ಇಲ್ಲ' ಎಂಬ ಉತ್ತರವನ್ನು ನಂಬಬೇಡಿ. ಪಟ್ಟಿಯಲ್ಲಿ 1+ ಎಂದರೆ ಡೆಸಿಲೀಟರಿಗೆ ಸುಮಾರು 30 ಮಿಲಿಗ್ರಾಂ, 2+ ಎಂದರೆ 100, 3+ ಎಂದರೆ 300.

ಪಟ್ಟಿಯಲ್ಲೇ ನಿಲ್ಲದೆ 'ಯೂರಿನ್ ಪ್ರೋಟೀನ್-ಕ್ರಿಯಾಟಿನಿನ್ ರೇಷಿಯೋ' ಬರೆಸಿಕೊಳ್ಳಿ. ಕ್ರಿಯಾಟಿನಿನ್ ಅಂದರೆ ಸ್ನಾಯುವಿನಲ್ಲಿ ಹುಟ್ಟಿ ಕಿಡ್ನಿಯ ಮೂಲಕ ಹೊರಹೋಗುವ ಕಸ. 0.2ರ ಒಳಗಿದ್ದರೆ ಸರಿ, 3.5ರ ಸುತ್ತ ಅಥವಾ ಮೇಲಿದ್ದರೆ ನೆಫ್ರಾಟಿಕ್ ಮಟ್ಟ. ಆದರೆ ಮೈಕಟ್ಟಿನವರ ವಿಷಯದಲ್ಲಿ ಇಲ್ಲೊಂದು ಮೋಸವಿದೆ. ಈ ರೇಷಿಯೋ ನೀವು ದಿನಕ್ಕೆ ಸುಮಾರು 1 ಗ್ರಾಂ ಕ್ರಿಯಾಟಿನಿನ್ ಹೊರಹಾಕುತ್ತೀರಿ ಅಂತ ಹಿಡಿದು ಹಾಕಿದ ಲೆಕ್ಕ. ಸ್ನಾಯು ತುಂಬಿದ 100 ಕಿಲೋ ಪೈಲ್ವಾನರು 2.4 ಗ್ರಾಂ ಹಾಕಬಹುದು. ಅವರ ರೇಷಿಯೋ 1.5 ಅಂತ ಬಂದರೆ ನಿಜವಾದ ಸೋರಿಕೆ 1.5 ಗ್ರಾಂ ಅಲ್ಲ, 3.6 ಗ್ರಾಂ. ಹಾಗಾಗಿ ರೇಷಿಯೋ 0.5 ದಾಟಿದ ದೊಡ್ಡ ಮೈಯವರು 24 ಗಂಟೆಯ ಮೂತ್ರ ಸಂಗ್ರಹಿಸುವುದೇ ಒಳ್ಳೆಯದು. ಬೆಳಿಗ್ಗೆ 6ಕ್ಕೆ ಎದ್ದು ಮೊದಲ ಮೂತ್ರ ಹೊರಗೆ ಬಿಟ್ಟು ಸಮಯ ಬರೆದಿಡಿ. ಅಲ್ಲಿಂದ ಮುಂದೆ ಒಂದು ಹನಿಯೂ ಬಿಡದೆ ಲ್ಯಾಬ್ ಕೊಟ್ಟ ಕ್ಯಾನಿಗೆ ಹಾಕಿ, ಮರುದಿನ 6ರ ಮೂತ್ರವನ್ನೂ ಸೇರಿಸಿ ಮುಚ್ಚಿ. ಕ್ಯಾನ್ ತಂಪಿನಲ್ಲಿರಲಿ. ಏಪ್ರಿಲ್ ಬಿಸಿಲಿನಲ್ಲಿ ಬೈಕಿಗೆ ಕಟ್ಟಿಕೊಂಡು ಊರೂರು ತಿರುಗಿ ಕೊಟ್ಟರೆ ಪರೀಕ್ಷೆ ಹಾಳು. ಪ್ರೋಟೀನಿನ ಜೊತೆಗೆ ಕ್ರಿಯಾಟಿನಿನ್ ಕೂಡ ಅಳೆಯಲು ಹೇಳಿ, ಸಂಗ್ರಹ ಪೂರ್ತಿ ಆಗಿದೆಯೋ ಇಲ್ಲವೋ ಅದರಿಂದ ಗೊತ್ತಾಗುತ್ತದೆ.

ರಕ್ತದ ಕ್ರಿಯಾಟಿನಿನ್ 1.4 ಬಂದರೆ ಮೈಕಟ್ಟಿನವರು 'ಸ್ನಾಯುವಿನಿಂದ' ಅನ್ನುತ್ತಾರೆ. ಇರಬಹುದು, ಕ್ರಿಯಾಟಿನ್ ಪೌಡರ್ ಕುಡಿಯುವವರಲ್ಲಂತೂ ಹೌದು. ಆದರೆ ಅಲ್ಬುಮಿನ್ ಕೂಡ ಇಳಿದಿರುವಾಗ ಆ ಸಮಾಧಾನ ಬೇಡ. ಕಿಡ್ನಿಯ ಕೆಲಸ ಅಳೆಯುವ ಸಿಸ್ಟಾಟಿನ್ ಸಿ ಎಂಬ ಪರೀಕ್ಷೆಗೆ ಸ್ನಾಯುವಿನ ಗಾತ್ರ ಅಷ್ಟಾಗಿ ಅಡ್ಡ ಬರುವುದಿಲ್ಲ, ಅದನ್ನು ಮಾಡಿಸಿ.

ಮನೆಯಲ್ಲೇ ಗಮನಿಸಬಹುದಾದವೂ ಇವೆ. ಮೂತ್ರದ ನೊರೆ ನಾಲ್ಕೈದು ನಿಮಿಷವಾದರೂ ಒಡೆಯದೆ ನಿಲ್ಲುವುದು, ಬೆಳಿಗ್ಗೆ ಕಣ್ಣಿನ ರೆಪ್ಪೆ ಊದಿಕೊಳ್ಳುವುದು, ಸಂಜೆ ಕಣಕಾಲಿನ ಮೇಲೆ ಬೆರಳೊತ್ತಿದರೆ ಕುಳಿ ಬಿದ್ದು ನಿಧಾನ ತುಂಬಿಕೊಳ್ಳುವುದು, ಬಿಪಿ 140/90 ಮೇಲಿರುವುದು.

ಲಿವರ್

ಮಿಥಾಂಡಿಯೆನೋನ್, ಸ್ಟಾನೊಜೊಲಾಲ್, ಆಕ್ಸಿಮೆಥೊಲೋನ್‌ನಂಥ ಬಾಯಿಂದ ತಗೊಳ್ಳುವ ಗುಳಿಗೆಗಳು ಲಿವರಿಗೆ ಹೆಚ್ಚು ಕಾಟ ಕೊಡುತ್ತವೆ. ಆದರೆ ಅಲ್ಬುಮಿನ್ ಲಿವರಿನ ಕೊನೆಯ ಸಾಕ್ಷಿ, ಹಾಳಾಗುವುದು ಬಹಳ ಮುಂದುವರಿದ ಮೇಲೇ ಅದು ಇಳಿಯುವುದು. ಗುಳಿಗೆಯಿಂದ ಪಿತ್ತ ಕಟ್ಟಿದಾಗ ಮೊದಲು ಕಾಣುವುದು ಮೈ ತುರಿಕೆ, ಕಡು ಹಳದಿ ಮೂತ್ರ, ರಕ್ತದಲ್ಲಿ ಏರಿದ ಬಿಲಿರುಬಿನ್ ಎಂಬ ಪಿತ್ತದ ಹಳದಿ ಬಣ್ಣ. ಊರ ಕಡೆ ಇದನ್ನು ಕಾಮಣಿ (ಕಾಮಾಲೆ) ಅಂತ ಗುರುತಿಸಿ ಎಲೆ ಔಷಧಿಗೆ ಕರೆದೊಯ್ಯುತ್ತಾರೆ. ಗುಳಿಗೆ ತಗೊಂಡದ್ದನ್ನು ಮನೆಯವರಿಗೆ ಹೇಳದ ಹುಡುಗ ಅದನ್ನೂ ಕುಡಿದು ಇದನ್ನೂ ಮುಂದುವರಿಸುತ್ತಾನೆ. ದಯವಿಟ್ಟು ಹಾಗೆ ಮಾಡಬೇಡಿ.

ಎಎಸ್‌ಟಿ, ಎಎಲ್‌ಟಿ ಎಂಬ ಕಿಣ್ವಗಳು ಏರಿದ್ದರೆ ಲಿವರೇ ಅನ್ನಲಾಗದು, ಭಾರ ಎತ್ತಿದಾಗ ಸ್ನಾಯುವಿನಿಂದಲೂ ಅವು ಬರುತ್ತವೆ. ಸ್ನಾಯುವಿನ ಕಿಣ್ವ ಸಿಪಿಕೆ ಜೋರಾಗಿ ಏರಿ, ಲಿವರಿನ ಕಿಣ್ವ ಜಿಜಿಟಿ, ಬಿಲಿರುಬಿನ್ ಸರಿ ಇದ್ದರೆ ಸ್ನಾಯುವಿನ ಪಾಲೇ ಹೆಚ್ಚು. ಲಿವರ್ ನಿಜಕ್ಕೂ ಪ್ರೋಟೀನ್ ತಯಾರಿಸುತ್ತಿಲ್ಲವೇ ಅಂತ ತಿಳಿಯಲು ರಕ್ತ ಹೆಪ್ಪುಗಟ್ಟುವ ವೇಗ ಅಳೆಯುವ ಪಿಟಿ-ಐಎನ್‌ಆರ್ ಮಾಡಿಸಿ. ಅಲ್ಬುಮಿನ್ ಇಳಿದು ಐಎನ್‌ಆರ್ ಏರಿದ್ದರೆ ಲಿವರಿನತ್ತ ಬೆರಳು. ಐಎನ್‌ಆರ್ ಸರಿ ಇದ್ದು ಮೂತ್ರದಲ್ಲಿ ಪ್ರೋಟೀನ್ ಇದ್ದರೆ ಕಿಡ್ನಿಯತ್ತ.

ಸೂಜಿ ಚುಚ್ಚಿದ ಜಾಗ

ಮೈಯಲ್ಲಿ ಉರಿಯೂತ ಇದ್ದಾಗ ಲಿವರ್ ಅಲ್ಬುಮಿನ್ ತಯಾರಿಕೆ ತಗ್ಗಿಸಿ ಬೇರೆ ಪ್ರೋಟೀನುಗಳ ಕಡೆ ತಿರುಗುತ್ತದೆ, ಇದ್ದದ್ದೂ ರಕ್ತನಾಳದಿಂದ ಹೊರಗೆ ಜಾರುತ್ತದೆ. ಕುಂಡೆಯಲ್ಲೋ ತೊಡೆಯಲ್ಲೋ ಎಣ್ಣೆಯ ಸೂಜಿ (ಎಣ್ಣೆಯಲ್ಲಿ ಕರಗಿಸಿದ ಸ್ಟಿರಾಯ್ಡ್) ಮಾಡಿಸಿಕೊಂಡ ಜಾಗ ಕೆಂಪಾಗಿ, ಬಿಸಿಯಾಗಿ, ವಾರವಾದರೂ ಗಟ್ಟಿ ಗಂಟಾಗಿ ಉಳಿದಿದ್ದರೆ ಒಳಗೆ ಕೀವು ಇರಬಹುದು. ಉರಿಯೂತ ತೋರಿಸುವ ಸಿಆರ್‌ಪಿ ರಕ್ತಪರೀಕ್ಷೆ ಮಾಡಿಸಿ, ಬೇಕಾದರೆ ಆ ಜಾಗದ ಸ್ಕ್ಯಾನ್. ಕೀವು ತೆಗೆಸದೆ ಆಂಟಿಬಯೋಟಿಕ್ ಗುಳಿಗೆ ನುಂಗುತ್ತಾ ಕೂತರೆ ಹೋಗುವುದಿಲ್ಲ. ಸೂಜಿ ಅಥವಾ ಬಾಟಲಿಯನ್ನು ಒಮ್ಮೆಯಾದರೂ ಇನ್ನೊಬ್ಬರ ಜೊತೆ ಹಂಚಿಕೊಂಡವರು ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ ಮೂರೂ ಪರೀಕ್ಷೆ ಮಾಡಿಸಲೇಬೇಕು. ಮೇಲೆ ಹೇಳಿದ ಮೂರನೇ ರಿಪೋರ್ಟಿನ ಹಿಂದೆ ಇವು ಅಡಗಿರಬಹುದು.

ಗ್ಲಾಬ್ಯುಲಿನ್ ಮಾತ್ರ ಇಳಿದಿದ್ದರೆ

ಸ್ಟಿರಾಯ್ಡ್ ಬಳಸುವ ಕೆಲವು ಬಾಡಿಬಿಲ್ಡರುಗಳಲ್ಲಿ ಐಜಿಜಿ, ಐಜಿಎ, ಐಜಿಎಂ ಎಂಬ ರೋಗನಿರೋಧಕ ಪ್ರೋಟೀನುಗಳು ತುಸು ಇಳಿದದ್ದು ಕಂಡುಬಂದಿದೆ. ಆದರೆ ಇಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ: ನೀವು ತಗೊಳ್ಳುತ್ತಿರುವುದು ಯಾವ ಸ್ಟಿರಾಯ್ಡ್? 'ದಪ್ಪ ಆಗುವ ಗುಳಿಗೆ' ಅಂತ ಬಿಡಿಬಿಡಿಯಾಗಿ ಪೊಟ್ಟಣದಲ್ಲಿ ಕೊಡುವುದರಲ್ಲಿ ಬಹಳ ಸಲ ಇರುವುದು ಡೆಕ್ಸಾಮೆಥಾಸೋನ್, ಜೊತೆಗೆ ಹಸಿವು ಹೆಚ್ಚಿಸುವ ಸೈಪ್ರೊಹೆಪ್ಟಡೀನ್. ಡೆಕ್ಸಾಮೆಥಾಸೋನ್, ಪ್ರೆಡ್ನಿಸೊಲೋನ್ ಬೇರೆ ಜಾತಿಯ ಸ್ಟಿರಾಯ್ಡ್. ಅವು ಮುಖ ಊದಿಸುತ್ತವೆ, ತೋಳು-ತೊಡೆಯ ಸ್ನಾಯು ಕರಗಿಸುತ್ತವೆ, ಐಜಿಜಿ ಇಳಿಸುತ್ತವೆ, ಸಕ್ಕರೆ ಏರಿಸುತ್ತವೆ. ವಾರಗಟ್ಟಲೆ ನುಂಗಿದ್ದರೆ ಅವನ್ನು ಒಮ್ಮೆಲೇ ನಿಲ್ಲಿಸಬಾರದು, ವೈದ್ಯರ ಕೈಯಲ್ಲಿ ಹಂತಹಂತವಾಗಿ ಇಳಿಸಬೇಕು. ಗ್ಲಾಬ್ಯುಲಿನ್ 2ಕ್ಕಿಂತ ಕೆಳಗೆ ಎರಡು ಸಲ ಬಂದರೆ ರಕ್ತದ ಪ್ರೋಟೀನುಗಳನ್ನು ಬಗೆಬಗೆಯಾಗಿ ಬೇರ್ಪಡಿಸಿ ನೋಡುವ ಪ್ರೋಟೀನ್ ಎಲೆಕ್ಟ್ರೊಫೊರೆಸಿಸ್ ಮಾಡಿಸುವುದು ಸರಿ.

ಅಲ್ಬುಮಿನ್ ಜೊತೆ ದಾರಿ ತಪ್ಪಿಸುವ ಬೇರೆ ಅಂಕಿಗಳು

ಕ್ಯಾಲ್ಸಿಯಂನ ಒಂದು ಭಾಗ ಅಲ್ಬುಮಿನಿಗೆ ಅಂಟಿಕೊಂಡಿರುತ್ತದೆ. ಅಲ್ಬುಮಿನ್ 2.6 ಇರುವಾಗ ಕ್ಯಾಲ್ಸಿಯಂ 7.9 ಬಂದರೆ ಹೆದರಿ ಗುಳಿಗೆ ತರಬೇಡಿ. ಅಲ್ಬುಮಿನಿನ ಮಾಮೂಲಿ ಮಟ್ಟ 4ರಲ್ಲಿ 2.6 ಕಳೆದು 0.8ರಿಂದ ಗುಣಿಸಿದರೆ 1.1, ಅದನ್ನು 7.9ಕ್ಕೆ ಕೂಡಿಸಿದರೆ 9.0, ಅದು ಸರಿಯಾದ ಮಟ್ಟವೇ. ಸ್ಟಿರಾಯ್ಡ್ ಥೈರಾಯ್ಡ್ ಹಾರ್ಮೋನನ್ನು ಹೊರುವ ಪ್ರೋಟೀನನ್ನು ಇಳಿಸುವುದರಿಂದ ಟೋಟಲ್ ಟಿ4, ಅಂದರೆ ಆ ಹಾರ್ಮೋನಿನ ಒಟ್ಟು ಅಳತೆ ಕಡಿಮೆ ಬರುತ್ತದೆ. ಟಿಎಸ್‌ಎಚ್, ಫ್ರೀ ಟಿ4 ಸರಿ ಇದ್ದರೆ ಥೈರಾಯ್ಡ್ ಗುಳಿಗೆ ಬೇಡ. ಟೆಸ್ಟೋಸ್ಟೆರೋನನ್ನು ಹೊರುವ ಎಸ್‌ಎಚ್‌ಬಿಜಿ ಎಂಬ ಪ್ರೋಟೀನ್ ತಳಕ್ಕೆ ಇಳಿದಿರುವುದೂ ಮಾಮೂಲು, ಅದರ ಪ್ರಮಾಣ ಎಷ್ಟು ಅಲ್ಪ ಅಂದರೆ ಟೋಟಲ್ ಪ್ರೋಟೀನನ್ನು ಅದು ಅಲುಗಾಡಿಸುವುದಿಲ್ಲ.

ಈಗ ಏನು ಮಾಡಬೇಕು

ಅಲ್ಬುಮಿನ್ 3ಕ್ಕಿಂತ ಕೆಳಗಿದ್ದರೆ, ಅಥವಾ ಮೂತ್ರದಲ್ಲಿ 2+ ಮೇಲೆ ಪ್ರೋಟೀನ್ ಇದ್ದರೆ, ಕೋರ್ಸ್ ಮುಗಿಯಲಿ ಅಂತ ಕಾಯದೆ ಅದೇ ವಾರ ವೈದ್ಯರ ಹತ್ತಿರ ಹೋಗಿ. ಗದಗಿನ ಜಿಮ್ಸ್ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲೋ ಹಾವೇರಿ ಜಿಲ್ಲಾ ಆಸ್ಪತ್ರೆಯಲ್ಲೋ ಮೊದಲ ಪರೀಕ್ಷೆಗಳು ಆಗುತ್ತವೆ. ಕಿಡ್ನಿ ಬಯಾಪ್ಸಿಯ ಮಾತು ಬಂದರೆ ಸಾಮಾನ್ಯವಾಗಿ ಹುಬ್ಬಳ್ಳಿ-ಧಾರವಾಡದ ದೊಡ್ಡ ಆಸ್ಪತ್ರೆಗೆ ಬರಬೇಕಾಗುತ್ತದೆ.

ಹೋಗುವಾಗ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ: ಯಾವ ಸೂಜಿ, ಯಾವ ಗುಳಿಗೆ, ಎಷ್ಟು ತಿಂಗಳಿಂದ, ಕಡೆಯ ಸೂಜಿ ಯಾವತ್ತು. ಬಾಟಲಿಗಳ ಫೋಟೋ ತೆಗೆದಿಟ್ಟುಕೊಳ್ಳಿ, ಒಳಗಿರುವುದು ಹೊರಗೆ ಬರೆದದ್ದೇ ಅಂತ ಖಾತ್ರಿ ಇಲ್ಲದಿದ್ದರೂ. ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್‌ನಂಥ ನೋವಿನ ಗುಳಿಗೆ, ನೀರಿಳಿಸುವ ಫ್ಯೂರೊಸೆಮೈಡ್, ಗ್ರೋತ್ ಹಾರ್ಮೋನ್, ಇನ್ಸುಲಿನ್, ಮದ್ಯ ಯಾವುದನ್ನೂ ಬಿಡಬೇಡಿ. ಇದನ್ನು ಮುಚ್ಚಿಟ್ಟರೆ ವೈದ್ಯರು ಬೇರೆಲ್ಲ ಕಾರಣ ಹುಡುಕುತ್ತಾ ತಿಂಗಳು ಕಳೆಯುತ್ತಾರೆ, ಅಷ್ಟರಲ್ಲಿ ಕಿಡ್ನಿ ಕಳೆದುಹೋಗುತ್ತದೆ. ರೋಗಿಯ ಮಾತನ್ನು ಗುಟ್ಟಾಗಿ ಇಡುವುದು ಅವರ ವೃತ್ತಿಧರ್ಮ.

ಅನಬಾಲಿಕ್ ಸ್ಟಿರಾಯ್ಡ್ ನಿಲ್ಲಿಸಬೇಕು, ಅದರಲ್ಲಿ ಎರಡು ಮಾತಿಲ್ಲ. ನಿಲ್ಲಿಸಿದ ಮೇಲೆ ಸ್ವಂತ ಟೆಸ್ಟೋಸ್ಟೆರೋನ್ ಮರಳಲು ತಿಂಗಳುಗಳೇ ಬೇಕಾಗಬಹುದು. ಆ ಹೊತ್ತಿನಲ್ಲಿ ನಿಶ್ಶಕ್ತಿ, ಬೇಸರ, ಬದುಕೇ ಬೇಡ ಅನ್ನಿಸುವಷ್ಟು ಖಿನ್ನತೆ ಬರುವುದುಂಟು. ಅದಕ್ಕೂ ಚಿಕಿತ್ಸೆ ಇದೆ, ಹಾರ್ಮೋನ್ ತಜ್ಞರನ್ನು ಕಾಣಿ, ಮನೆಯಲ್ಲಿ ಒಬ್ಬರಿಗಾದರೂ ಹೇಳಿಡಿ.

ನೋವಿನ ಗುಳಿಗೆ ಬಂದ್. ಬಾವು ಇಳಿಸಲು ತಾವೇ ಫ್ಯೂರೊಸೆಮೈಡ್ ನುಂಗುವುದೂ ಬಂದ್. ಪ್ರೋಟೀನ್ ಸೋರುತ್ತಿರುವಾಗ ಹೆಚ್ಚು ಪ್ರೋಟೀನ್ ತಿಂದರೆ ಸೋಸುವ ಒತ್ತಡ ಹೆಚ್ಚಾಗಿ ಸೋರಿಕೆಯೂ ಹೆಚ್ಚುತ್ತದೆ. ಇಂಥವರಿಗೆ ವೈದ್ಯರು ಸಾಮಾನ್ಯವಾಗಿ ಕಿಲೋ ತೂಕಕ್ಕೆ 0.8ರಿಂದ 1 ಗ್ರಾಂ ಸುತ್ತ ಹೇಳುತ್ತಾರೆ. ರೊಟ್ಟಿ, ಹೆಸರುಕಾಳು ಪಲ್ಯ, ಮೊಸರು, ಒಂದೆರಡು ತತ್ತಿಯಲ್ಲೇ ಅದು ಮುಗಿಯುತ್ತದೆ. ಉಪ್ಪು ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚ ದಾಟಬಾರದು. ನಮ್ಮ ಕಡೆಯ ಊಟದಲ್ಲಿ ಉಪ್ಪಿನಕಾಯಿ, ಹಪ್ಪಳ, ಶೇಂಗಾ ಹಿಂಡಿ, ಸಂಜೆಯ ಮಿರ್ಚಿ-ಗಿರ್ಮಿಟ್ ಸೇರಿದರೆ ಈ ಮಿತಿ ಮಧ್ಯಾಹ್ನಕ್ಕೇ ದಾಟಿರುತ್ತದೆ, ಹಾಗಾಗಿ ಮೊದಲು ಇವನ್ನೇ ಬಿಡಿ. ಸೋರಿಕೆ ತಗ್ಗಿಸಲು ರಾಮಿಪ್ರಿಲ್, ಟೆಲ್ಮಿಸಾರ್ಟನ್ ಜಾತಿಯ ಔಷಧ ಬರೆದುಕೊಡುತ್ತಾರೆ. ಅದು ಬಿಪಿಗೆ ಮಾತ್ರ ಅಂತ ತಿಳಿದು ಬಿಪಿ ಸರಿಯಾದ ಕೂಡಲೇ ಬಿಡಬೇಡಿ. ಶುರು ಮಾಡಿದ ಒಂದೆರಡು ವಾರಕ್ಕೆ ಪೊಟ್ಯಾಸಿಯಂ, ಕ್ರಿಯಾಟಿನಿನ್ ನೋಡಿಸಿ.

'ಅಲ್ಬುಮಿನ್ ಬಾಟಲಿ ಹಚ್ಚಿಸಿಬಿಡೋಣ' ಅಂತ ಕೇಳುವವರಿದ್ದಾರೆ. 20 ಪರ್ಸೆಂಟಿನ 100 ಮಿಲಿ ಬಾಟಲಿಯಲ್ಲಿ ಇರುವುದು 20 ಗ್ರಾಂ. ಕಿಡ್ನಿ ಸೋರುತ್ತಿದ್ದರೆ ಅದೂ ಮೂತ್ರದಲ್ಲೇ ಹೋಗುತ್ತದೆ, ಅಂಕಿ ಕೆಲವು ದಿನ ಚೆಂದ ಕಾಣುತ್ತದೆ ಅಷ್ಟೇ. ಅದು ಬೇಕಾಗುವ ಸಂದರ್ಭಗಳಿವೆ, ತೀರ್ಮಾನ ವೈದ್ಯರದ್ದು.

ಒಂದು ಕಾಲು ಮಾತ್ರ ಊದಿ ನೋಯುವುದು, ಎದೆನೋವು, ಏದುಸಿರು, ರಾತ್ರಿಯೇ ಆದರೂ ಎಮರ್ಜೆನ್ಸಿಗೆ ಹೋಗಿ. ಭಾರೀ ಸೋರಿಕೆಯಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಪ್ರೋಟೀನೂ ಹೊರಟುಹೋಗಿರುತ್ತದೆ. ಸ್ಟಿರಾಯ್ಡಿನಿಂದ ಕೆಂಪು ರಕ್ತಕಣ ಹೆಚ್ಚಾಗಿ ರಕ್ತ ಮೊದಲೇ ಮಂದವಾಗಿರುತ್ತದೆ. ಮೂತ್ರ ತೀರ ಕಡಿಮೆಯಾಗುವುದು, ಕಣ್ಣು ಹಳದಿಯಾಗುವುದು, ಜ್ವರದ ಜೊತೆ ಹೊಟ್ಟೆ ಊದುವುದು ಕೂಡ ಇದೇ ಸಾಲಿಗೆ ಸೇರಿದವು.

ಮರುಪರೀಕ್ಷೆಗೆ ಅವಸರ ಬೇಡ. ತುರ್ತು ಲಕ್ಷಣ ಇಲ್ಲದವರು ನಿಲ್ಲಿಸಿದ 4ರಿಂದ 6 ವಾರಕ್ಕೆ ಅಲ್ಬುಮಿನ್, ಕ್ರಿಯಾಟಿನಿನ್, ಮೂತ್ರದ ರೇಷಿಯೋ ಮೂರನ್ನೂ ಒಂದೇ ದಿನ, ಒಂದೇ ಲ್ಯಾಬಿನಲ್ಲಿ ಮಾಡಿಸಿ. ಎಣ್ಣೆಯ ಸೂಜಿಗಳಲ್ಲಿ ಕೆಲವು ನಿಲ್ಲಿಸಿದ ಮೇಲೂ ವಾರಗಟ್ಟಲೆ ಮೈಯಲ್ಲಿ ಉಳಿಯುತ್ತವೆ, ಆದ್ದರಿಂದ ಮೊದಲ ಮರುಪರೀಕ್ಷೆಯಲ್ಲಿ ಪೂರ್ತಿ ಸುಧಾರಣೆ ಕಾಣದಿರಬಹುದು. 3 ತಿಂಗಳಿಗೆ ಇನ್ನೊಮ್ಮೆ ನೋಡಿ. ಅಷ್ಟೊತ್ತಿಗೂ ಮೂತ್ರದಲ್ಲಿ ಪ್ರೋಟೀನ್ ಇದ್ದರೆ, ಅಲ್ಬುಮಿನ್ ಏರಿದ್ದರೂ ಕಿಡ್ನಿ ತಜ್ಞರ ಭೇಟಿ ಬಿಡಬೇಡಿ.